ಮಾಗಿ ಚಳಿ ಮತ್ತು ಎಳೆಗರುವಿನ ಮೈಕೊಬ್ಬು



ಡಿಸೆಂಬರ್, ಜನವರಿ ತಿಂಗಳ ಮುಂಜಾನೆ ಮಿರ್ಲೆ ಸುತ್ತಮುತ್ತ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ದಿನಗಳಿರುತ್ತವೆ. ಈ ಚಳಿ ದೊಡ್ಡ ರಾಸುಗಳಿಗೆ ತೊಂದರೆ ಮಾಡುವುದಿಲ್ಲ. ಮೇವು ದೊಡ್ಡ ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಹಸುವನ್ನು ಬೆಚ್ಚಗಿಡುತ್ತದೆ. ಎಳೆಗರುವಿನಲ್ಲಿ ಆ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಆದ್ದರಿಂದ ಮೂರು ವಾರದೊಳಗಿನ ಕರು, ಉಷ್ಣಾಂಶ 15 ಡಿಗ್ರಿಗಿಂತ ಇಳಿದರೆ ಮೈ ಬಿಸಿ ಉಳಿಸಿಕೊಳ್ಳಲು ತನ್ನ ಕೊಬ್ಬನ್ನೇ ಕರಗಿಸಬೇಕಾಗುತ್ತದೆ.

ಕರುವಿನಲ್ಲಿ ಎಷ್ಟು ಕೊಬ್ಬಿದೆ?

ಹುಟ್ಟಿದ ಕರುವಿನ ತೂಕದಲ್ಲಿ ಕೊಬ್ಬು ಶೇ. 3ರಿಂದ 4ರಷ್ಟು ಮಾತ್ರ. ಅದರಲ್ಲಿ ಒಂದು ಭಾಗ ಮೂತ್ರಪಿಂಡದ ಸುತ್ತ ಇರುವ ಕಂದು ಕೊಬ್ಬು. ಸಾಮಾನ್ಯ ಬಿಳಿ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ. ಕಂದು ಕೊಬ್ಬು ಒಲೆಯಂತೆ ತಾನೇ ಉರಿದು ಶಾಖ ಕೊಡುತ್ತದೆ. ಚಳಿ ತಾಗಿದ ಕೂಡಲೇ ನರಗಳ ಸೂಚನೆಯಿಂದ ಈ ಒಲೆ ಹೊತ್ತಿಕೊಳ್ಳುತ್ತದೆ. ಜೊತೆಗೆ ಕರು ನಡುಗಿಯೂ ಶಾಖ ಪಡೆಯುತ್ತದೆ. ಆದರೆ ಹೊಟ್ಟೆಗೆ ಏನೂ ಸಿಗದ ಕರುವಿನಲ್ಲಿ ಈ ದಾಸ್ತಾನು ಒಂದು ದಿನವೂ ಬಾಳುವುದು ಕಷ್ಟ. ಮೈ ಒದ್ದೆಯಿದ್ದು ಗಾಳಿ ಬೀಸಿದರೆ ಇನ್ನೂ ಬೇಗ ಮುಗಿಯುತ್ತದೆ.

ಗಿಣ್ಣು ಹಾಲೇ ಸೌದೆ

ಹಾಲಿಗಿಂತ ಗಿಣ್ಣು ಹಾಲಿನಲ್ಲಿ ಜಿಡ್ಡು ಹೆಚ್ಚು. ಅದು ಶಾಖಕ್ಕೆ ಸೌದೆಯೂ ಹೌದು, ರೋಗನಿರೋಧಕ ಶಕ್ತಿಯೂ ಹೌದು. ಆ ನಿರೋಧಕ ಅಂಶಗಳನ್ನು ಹೀರುವ ಕರುಳಿನ ಸಾಮರ್ಥ್ಯ ಗಂಟೆಗಂಟೆಗೆ ಕುಗ್ಗಿ, ಸುಮಾರು 24 ಗಂಟೆಯಲ್ಲಿ ನಿಂತುಹೋಗುತ್ತದೆ. ಹಾಗಾಗಿ ‘ಸತ್ತೆ ಬೀಳಲಿ, ಆಮೇಲೆ ಕುಡಿಸೋಣ’ ಎಂದು ಕಾಯಬಾರದು. ನೆರೆಮನೆಗೆ ಗಿಣ್ಣು ಹಂಚುವುದು ಕರುವಿನ ಪಾಲು ಮುಗಿದ ಮೇಲಿರಲಿ. 30 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ ಕನಿಷ್ಠ 3 ಲೀಟರ್ ಬೇಕು. ಅದರಲ್ಲಿ ಅರ್ಧದಷ್ಟನ್ನಾದರೂ ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸಿ.

ಚಳಿ ವಾರಗಟ್ಟಲೆ ಮುಂದುವರಿದರೆ

ಉಷ್ಣಾಂಶ 10 ಡಿಗ್ರಿಗೆ ಇಳಿದರೆ ಎಳೆಗರುವಿನ ಮೈ ನಿರ್ವಹಣೆಗೇ ಸುಮಾರು ಕಾಲು ಭಾಗ ಹೆಚ್ಚು ಶಕ್ತಿ ಬೇಕು. ಎಂದಿನಷ್ಟೇ ಹಾಲು ಕೊಟ್ಟರೆ ಕುಡಿದದ್ದೆಲ್ಲ ಶಾಖಕ್ಕೆ ಹೋಗಿ ಬೆಳವಣಿಗೆ ನಿಲ್ಲುತ್ತದೆ. ಕೊಬ್ಬು ತೀರಿದ ಮೇಲೆ ಮಾಂಸಖಂಡ ಕರಗುತ್ತದೆ, ಭೇದಿ ಮತ್ತು ನ್ಯುಮೋನಿಯಾ ಸುಲಭವಾಗಿ ತಗಲುತ್ತವೆ. ಚಳಿಗಾಲದಲ್ಲಿ ಹಾಲಿನ ಜಿಡ್ಡಿನಾಂಶ ಏರುವುದರಿಂದ ಸಂಘಕ್ಕೆ ಇನ್ನೊಂದಿಷ್ಟು ಹಾಕೋಣ ಎನಿಸುವುದು ಸಹಜ. ಆದರೆ ಕರುವಿನ ಪಾಲಿನ ಅರ್ಧ ಲೀಟರ್ ಉಳಿಸಲು ಹೋಗಿ ಹೆಣ್ಣುಗರುವನ್ನೇ ಕಳೆದುಕೊಂಡರೆ, ಎರಡು ಮೂರು ವರ್ಷದ ನಂತರ ಕರೆಯಬೇಕಾದ ಹಸುವನ್ನು ಸಾಲ ಮಾಡಿ ಕೊಳ್ಳಬೇಕಾಗುತ್ತದೆ.

ನೀವು ಮಾಡಬೇಕಾದದ್ದು

• ಹುಟ್ಟಿದ ಕೂಡಲೇ ಒಣ ಗೋಣಿಯಿಂದ ಮೈ ಉಜ್ಜಿ ಒಣಗಿಸಿ. ಹಸು ನೆಕ್ಕಲು ಬಿಡಿ.
• ಕಬ್ಬಿನ ಒಣ ತರಗು ಅಥವಾ ಹಸು ತಿಂದುಳಿದ ಒಣ ಹುಲ್ಲನ್ನು ಕಾಲು ಮುಚ್ಚುವಷ್ಟು ದಪ್ಪ ಹಾಸಿ. ಒದ್ದೆಯಾದದ್ದನ್ನು ದಿನವೂ ತೆಗೆಯಿರಿ.
• ರಾತ್ರಿ ಗಾಳಿ ಬೀಸುವ ಕಡೆಗೆ ಗೋಣಿ ಪರದೆ ಕಟ್ಟಿ, ಮೇಲ್ಭಾಗ ತೆರೆದಿರಲಿ. ಹೊಗೆ ಹಾಕಿ ಕೊಟ್ಟಿಗೆ ಮುಚ್ಚಬೇಡಿ.
• ಚಳಿ ಹೆಚ್ಚಿದ ವಾರಗಳಲ್ಲಿ ದಿನಕ್ಕೆ ಅರ್ಧ ಲೀಟರ್ ಹಾಲು ಹೆಚ್ಚು ಕೊಡಿ. ಕರೆದ ಬಿಸಿಯಲ್ಲೇ ಕುಡಿಸಿ.
• ಎಳೆಗರುವಿನ ಮೈ ಬಿಸಿ 101.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 100ಕ್ಕಿಂತ ಇಳಿದು ಬಾಯಿ ತಣ್ಣಗಿದ್ದರೆ ಮೈ ಬೆಚ್ಚಗೆ ಮಾಡಿ, ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಚೀಪಲಾರದ ಕರುವಿನ ಬಾಯಿಗೆ ಹಾಲು ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು.

ಈ ತಿಂಗಳು ಕರು ಹಾಕಲಿರುವ ಹಸು ನಿಮ್ಮ ಕೊಟ್ಟಿಗೆಯಲ್ಲಿದ್ದರೆ ಒಣ ಗೋಣಿ, ಹಾಸು, ಥರ್ಮಾಮೀಟರ್ ಇವನ್ನು ಇಂದೇ ಸಿದ್ಧವಿಟ್ಟುಕೊಳ್ಳಿ.