ಎದುರಿನವನ ಅರ್ಥವನ್ನೂ ಕೇಳು

ನಿನಗೆ ಬುದ್ಧಿ ಉಂಟು, ಓದು ಉಂಟು, ಗಂಟಲೂ ಉಂಟು ಮಾರಾಯ. ತಾಳ್ಮೆ ಮಾತ್ರ ಸಾಲದು. ಎದುರಿನವ ಬಾಯಿ ತೆರೆಯುವ ಮೊದಲೇ ಅವನಿಗೆ ದೇಶದ್ರೋಹಿ ಅಂತಲೋ ಕೋಮುವಾದಿ ಅಂತಲೋ ಹೆಸರಿಟ್ಟು ಮುಗಿಸಿರುತ್ತೀ. ಆಮೇಲೆ ಚರ್ಚೆ ಮಾಡಲಿಕ್ಕೆ ಎಂತ ಉಳಿಯಿತು?

ಇದನ್ನು ಯಾಕೆ ಹೇಳುತ್ತೇನೆಂದರೆ, 2022ರ ಜುಲೈ 26ಕ್ಕೆ ನಮ್ಮ ದಕ್ಷಿಣ ಕನ್ನಡದ ಬೆಳ್ಳಾರೆಯಲ್ಲಿ ಒಬ್ಬ ಯುವಕನ ಕೊಲೆಯಾಯಿತು. 28ರ ರಾತ್ರಿ ನಮ್ಮ ಸುರತ್ಕಲ್ ಪೇಟೆಯಲ್ಲೇ ಇನ್ನೊಬ್ಬನದು. ಸಂಜೆ ಆರಕ್ಕೆಲ್ಲ ಅಂಗಡಿ ಮುಚ್ಚಬೇಕೆಂದು ಆದೇಶ ಬಂತು. ಮೈಕಿನಲ್ಲಿ ಗುಡುಗುವವರ ಮನೆಯ ಒಲೆ ಎಂದಿನಂತೆ ಉರಿಯಿತು. ಸಂಪಾದನೆ ತಪ್ಪಿದ್ದು ರಿಕ್ಷಾದವನಿಗೆ, ಮೀನು ಮಾರುವ ಹೆಂಗಸಿಗೆ, ಹೋಟೆಲಿನ ಹುಡುಗನಿಗೆ. ಕೊಂದವರು ಯಾರು, ಯಾಕೆ ಎಂಬುದನ್ನು ಕೋರ್ಟು ನೋಡಲಿ. ದಿನಾ ದ್ವೇಷದ ಮಾತು ಕೇಳಿ ಬೆಳೆದ ಊರಿನಲ್ಲಿ ಸತ್ತವನ ಹೆಸರಿನಲ್ಲಿ ಧರ್ಮ ನೋಡಿ ದುಃಖಪಡುವ ಅಭ್ಯಾಸ ಬಂದಿದೆಯಲ್ಲ, ನನ್ನ ಸಂಕಟ ಅದು.

ವಾದ ಬೇಡ ಅನ್ನುತ್ತಿಲ್ಲ. ನಮ್ಮದು ವಾದದ ನಾಡೇ. ಒಮ್ಮೆ ತಾಳಮದ್ದಳೆಗೆ ಬಾ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ, ಅದರ ಮೇಲೆ ಮಾತು. ಆ ಮಾತಿಗೇ 'ಅರ್ಥ' ಅನ್ನುವುದು, ಅದನ್ನು ಹೇಳುವವ ಅರ್ಥಧಾರಿ. ಕೃಷ್ಣ ಸಂಧಾನ ಪ್ರಸಂಗದಲ್ಲಿ ಕೌರವ ಕೃಷ್ಣನಿಗೆ ಹಾಕುವ ಪ್ರಶ್ನೆಗಳು ಸಣ್ಣವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಅರ್ಥ ಹೇಳಿದ ಕೂಟಗಳನ್ನು ಹಳಬರು ಈಗಲೂ ನೆನೆಯುತ್ತಾರೆ. ಸೋಲುವ ಪಾತ್ರಕ್ಕೂ ಅಲ್ಲಿ ಗಟ್ಟಿ ವಾದ ಉಂಟು. ರಾವಣ ಸಪ್ಪೆಯಾದರೆ ರಾಮನೂ ಸಪ್ಪೆಯೇ. ಎದುರಿನ ಅರ್ಥಧಾರಿ ಮುಗಿಸುವವರೆಗೆ ಕಾಯಬೇಕು, ಅವನು ಹೇಳಿದ್ದಕ್ಕೇ ಉತ್ತರ ಕೊಡಬೇಕು. ಅಲ್ಲೂ ಮಿತಿ ಮೀರುವವರಿದ್ದಾರೆ. ಒಳ್ಳೆಯ ಭಾಗವತರು ಪದ ಎತ್ತಿ ಮಾತಿಗೆ ಕಡಿವಾಣ ಹಾಕುತ್ತಾರೆ. ಕೂಟ ಮುಗಿದರೆ ಕೌರವನಿಗೂ ಕೃಷ್ಣನಿಗೂ ಒಂದೇ ಪಂಕ್ತಿಯಲ್ಲಿ ಊಟ.

ಮೆತ್ತಗೆ ಮಾತಾಡಿದರೆ ಕೆಲಸ ಆಗುವುದಿಲ್ಲ ಅನ್ನುತ್ತೀ. ಸುರತ್ಕಲ್ ಟೋಲ್‌ಗೇಟ್ ತೆಗೆಯಬೇಕೆಂದು ನಡೆದ ಹೋರಾಟ ಮರೆತೆಯಾ? ಆ ಹೋರಾಟದಲ್ಲಿ ಸಿಟ್ಟು ಬೇಕಾದಷ್ಟಿತ್ತು. ಕೇಳಿದ್ದು ಮಾತ್ರ ಲೆಕ್ಕ: ಹತ್ತಿರದ ಹೆಜಮಾಡಿಯಲ್ಲಿ ಒಂದು ಟೋಲ್ ಇರುವಾಗ, ಎರಡರ ನಡುವೆ 60 ಕಿಲೋಮೀಟರ್ ಇರಬೇಕೆಂಬ ನಿಯಮವೂ ಇರುವಾಗ, ಇಲ್ಲಿ ಇನ್ನೊಂದು ಯಾಕೆ? 2022ರ ಡಿಸೆಂಬರ್ 1ಕ್ಕೆ ಇಲ್ಲಿ ವಸೂಲಿ ನಿಂತಿತು. ಆ ಹೊರೆಯನ್ನು ಹೆಜಮಾಡಿಗೆ ಸೇರಿಸುವ ಮಾತಿಗೂ ಜನ ಒಪ್ಪಲಿಲ್ಲ.

ಇನ್ನು ಮೇಲೆ ಗೆಳೆಯನ ಜೊತೆ ಜಗಳಕ್ಕೆ ಕೂರುವಾಗ ಮೊದಲು ಅವನ ವಾದವನ್ನು ಅವನೇ ತಲೆದೂಗುವ ಹಾಗೆ ಹೇಳಿ ತೋರಿಸು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ರಾತ್ರಿ ಹನ್ನೊಂದಕ್ಕೆ ದಾಟಿಸಬೇಡ. ಬೆಳಿಗ್ಗೆ ಚಾ ಕುಡಿದು ಇನ್ನೊಮ್ಮೆ ಓದು. ಅದರಲ್ಲಿ ಬೈದಿರುವ 'ಅವರು' ಯಾರು? ಎಂಆರ್‌ಪಿಎಲ್ ಕಾರ್ಖಾನೆಯಲ್ಲಿ ನಿನ್ನ ಅಪ್ಪನ ಜೊತೆ ಪಾಳಿ ಮಾಡುವವರೂ ಸೇರಿದ್ದಾರಾ? ಅವರ ಎದುರು ನಿಂತು ಅದನ್ನು ಗಟ್ಟಿಯಾಗಿ ಓದಲಿಕ್ಕೆ ನಿನಗೆ ಬಾಯಿ ಬರುತ್ತದಾ? ಬಾರದಿದ್ದರೆ ಅಳಿಸು.