ದಿನಾ ಒಂದು ಬಾಟಲಿ ಕೋಲಾ

ಪ್ರಶ್ನೆ: ಮಗನಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾನೆ. ಟ್ಯೂಷನ್ ಮುಗಿಸಿ ಬರುವಾಗ ದಿನಾ 600 ಮಿ.ಲೀ. ಕೋಲಾ ತರುತ್ತಾನೆ. ಓದುತ್ತಾ ಕೂತು ಮಧ್ಯರಾತ್ರಿಯವರೆಗೂ ಗುಟುಕು ಗುಟುಕಾಗಿ ಕುಡಿಯುತ್ತಾನೆ. ಬೈದರೆ, ‘ನಾನೇನು ದಪ್ಪ ಇದೀನಾ ಅಮ್ಮ?’ ಅನ್ನುತ್ತಾನೆ. ಅದರಲ್ಲಿರುವ ಗ್ಯಾಸ್ ಅಪಾಯವೇ ಡಾಕ್ಟ್ರೇ?
– ಒಬ್ಬ ತಾಯಿ, ಹಾಸನ

ಉತ್ತರ: ಗ್ಯಾಸಿನ ಚಿಂತೆ ಬಿಡಿ ಅಮ್ಮ. ಹೊಟ್ಟೆ ಉಬ್ಬರಿಸಬಹುದು, ಹುಳಿತೇಗು ಇರುವವರಿಗೆ ಎದೆಯುರಿ ಹೆಚ್ಚಬಹುದು. ನನಗೆ ಭಯವಿರುವುದು ಸಕ್ಕರೆಯ ಬಗ್ಗೆ, ಗುಟುಕು ಗುಟುಕಾಗಿ ಕುಡಿಯುವುದರ ಬಗ್ಗೆ.

ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಮಗನಿಂದಲೇ ಓದಿಸಿ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಅವನ ಬಾಟಲಿಯಲ್ಲಿ ಹನ್ನೆರಡು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ತೆಳ್ಳಗಿದ್ದೇನೆ ಎಂಬ ಧೈರ್ಯವೂ ಬೇಡ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಅರಗಿಸುವ ಹೊರೆ ಬಹುಪಾಲು ಯಕೃತ್ತಿನ ಮೇಲೆ. ಮೈ ತೆಳ್ಳಗಿದ್ದರೂ ಅಲ್ಲಿ ಕೊಬ್ಬು ಕೂರಬಹುದು. ದಿನಾ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚೆಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಇನ್ನೂ ಎಚ್ಚರ ಬೇಕು.

ಇನ್ನು ಹಲ್ಲು. ಲೇಬಲ್‌ನಲ್ಲಿ 338 ಎಂಬ ಸಂಖ್ಯೆ ಇದ್ದರೆ ಅದು ಫಾಸ್ಫಾರಿಕ್ ಆಮ್ಲ. ಕೋಲಾದ ಪಿಎಚ್ ಸುಮಾರು 2.5, 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಒಮ್ಮೆಗೇ ಕುಡಿದು ಮುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಜೊಲ್ಲು ಆ ಹುಳಿಯನ್ನು ತಗ್ಗಿಸುತ್ತದೆ. ನಿಮ್ಮ ಮಗ ಹತ್ತು ನಿಮಿಷಕ್ಕೊಂದು ಗುಟುಕು ಹಾಕಿದರೆ ಜೊಲ್ಲಿಗೆ ಆ ಬಿಡುವೇ ಸಿಗುವುದಿಲ್ಲ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆಯೇ ಎಂದು ಕೇಳಿ. ಹೌದೆಂದರೆ ದಂತವೈದ್ಯರಿಗೆ ತೋರಿಸಿ. ಕುಡಿದ ಕೂಡಲೇ ಬ್ರಷ್ ಮಾಡಬಾರದು, ಮೆತ್ತಗಾದ ಎನಾಮಲ್ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡಲಿ.

ಕೆಫೀನ್ ಬೇರೆ ಇದೆ, ನಿದ್ದೆ ಕೆಡುತ್ತದೆ. ಪರೀಕ್ಷೆಯ ವರ್ಷದಲ್ಲಿ ಇದನ್ನೇ ಮೊದಲು ಹೇಳಿ, ಕೇಳಿಯಾನು. ಏಕಾಏಕಿ ನಿಲ್ಲಿಸಿದರೆ ಒಂದೆರಡು ದಿನ ತಲೆನೋವು ಬರಬಹುದು. ಮೊದಲ ವಾರ ಚಿಕ್ಕ ಬಾಟಲಿ, ಅದೂ ಊಟದ ಜೊತೆಗೆ ಮಾತ್ರ. ಓದುವ ಮೇಜಿನ ಮೇಲೆ ನೀರು ಇಡಿ, ಸಂಜೆಗೆ ಮಜ್ಜಿಗೆ ಮಾಡಿಕೊಡಿ.

ಪ್ರಶ್ನೆ: ಡಯಟ್ ಕೋಲಾ ಕುಡಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸಕ್ಕರೆ ಇಲ್ಲ, ಹುಳಿ ಇದ್ದೇ ಇದೆ, ಹಲ್ಲಿಗೆ ಅದೂ ಒಳ್ಳೆಯದಲ್ಲ. ತೂಕ ಇಳಿಸಲು ಇಂಥ ಕೃತಕ ಸಿಹಿಯನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಪರೂಪಕ್ಕೆ ಒಂದು ಲೋಟ ಕುಡಿದರೆ ಹೆದರಬೇಕಿಲ್ಲ.