ಮುಟ್ಟು ನಿಂತಿತು, ನೋವು ನಿಲ್ಲಲಿಲ್ಲ

ಸಿಂದಗಿ ಕಡೆ ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ಬಹಳ ಹೋಗತೊಡಗಿದರೆ ಎಲ್ಲರದೂ ಒಂದೇ ಮಾತು: "ಮಕ್ಕಳಾಗ್ಯಾವಲ್ಲ, ಗರ್ಭಚೀಲ ತೆಗಿಸಿಬಿಡವಾ." ಇಂಡಿಯ ನನ್ನಕ್ಕ, ಮುದ್ದೇಬಿಹಾಳದ ನಾದಿನಿ ಇಬ್ಬರೂ ನಲವತ್ತರೊಳಗೇ ತೆಗೆಸಿಕೊಂಡವರು. ನನಗೆ ವಿಜಯಪುರದಲ್ಲಿ ಬೇರೆ ದಾರಿ ಹೇಳಿದರು: ಚೀಲ ಉಳಿಸಿ ಒಳಪದರವನ್ನಷ್ಟೇ ಸುಡುವ ಅಬ್ಲೇಶನ್. ಮೊದಲು ಬಯಾಪ್ಸಿ ಮಾಡಿ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬಲೂನಿನೊಳಗೆ ಸುಮಾರು 87 ಡಿಗ್ರಿ ಕಾದ ದ್ರವ, 8 ನಿಮಿಷ. ಹೊಟ್ಟೆ ಕೊಯ್ಯಲಿಲ್ಲ, ಸಂಜೆಗೆ ಮನೆ.

ಮುಟ್ಟು ನಿಂತಿತು. ಹಿಮೋಗ್ಲೋಬಿನ್ ಏರಿತು, ಕೊಡ ಎತ್ತಿದರೆ ಏದುಸಿರು ಬರುವುದು ತಪ್ಪಿತು. ಆದರೆ ಮರುವರ್ಷದಿಂದ ತಿಂಗಳಿಗೊಮ್ಮೆ ಕಿಬ್ಬೊಟ್ಟೆಯ ಎಡಮೂಲೆಯಲ್ಲಿ ಚೂರಿ ಹಾಕಿ ತಿರುವಿದಂಥ ನೋವು. ಹನಿ ರಕ್ತವಿಲ್ಲ. ಊರಲ್ಲಿ ಗ್ಯಾಸ್ ಎಂದು ಗುಳಿಗೆ ಕೊಟ್ಟರು. ನೋವು ಇಳಿದ ಮೇಲೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ನೋವಿದ್ದ ದಿನವೇ ಮಾಡಿಸಿದಾಗ ಗರ್ಭಚೀಲದ ಎಡನಾಳದ ಬುಡದಲ್ಲಿ ರಕ್ತ ತುಂಬಿ ಉಬ್ಬಿದ್ದು ಕಂಡಿತು.

ಕಾರಣ ಇಷ್ಟು: ಎರಡನೇ ಹೆರಿಗೆಯಾದ ಮೇಲೆ ನನಗೆ ನಾಳ ಕಟ್ಟುವ, ಮಕ್ಕಳಾಗದ ಆಪರೇಶನ್ ಆಗಿತ್ತು. ಸುಟ್ಟ ಜಾಗ ಮಾಯುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೂಲೆಯಲ್ಲಿ ಸುಡದೆ ಉಳಿದ ಪದರ ಮಾತ್ರ ತಿಂಗಳು ತಿಂಗಳು ರಕ್ತ ಬಿಡುತ್ತದೆ. ಕೆಳಗೆ ದಾರಿ ಮುಚ್ಚಿದೆ, ಮೇಲೆ ನಾಳ ಕಟ್ಟಿದೆ, ರಕ್ತ ಹೋಗುವುದೆಲ್ಲಿಗೆ? ಈ ತೊಂದರೆಯನ್ನು ವೈದ್ಯರು 1993ರಲ್ಲೇ ಗುರುತಿಸಿದ್ದಾರಂತೆ. ನಮ್ಮ ಕಡೆ ಎರಡು ಮೂರು ಮಕ್ಕಳಾದವರಲ್ಲಿ ನಾಳ ಕಟ್ಟುವ ಆಪರೇಶನ್ ಆಗದವರೇ ಅಪರೂಪ. ಕೊನೆಗೆ ಚೀಲ, ನಾಳ ಎರಡನ್ನೂ ತೆಗೆದರು, ಅಂಡಾಶಯ ಉಳಿಸಿದರು.

ಇಷ್ಟಾದರೂ ಅಬ್ಲೇಶನ್ ಬೇಡವೆನ್ನಲಾರೆ. ಎಷ್ಟೋ ಜನಕ್ಕೆ ಅದರಿಂದಲೇ ಗುಣವಾಗಿದೆ. ಬಸವನ ಬಾಗೇವಾಡಿಯ ಗೆಳತಿಗೆ ಅದೂ ಬೇಕಾಗಲಿಲ್ಲ, ಚೀಲದೊಳಗೆ ಹಾರ್ಮೋನ್ ಬಿಡುವ ಮಿರೆನಾ ಸಾಧನ ಹಾಕಿಸಿದ ಮೇಲೆ ರಕ್ತ ಹಿಡಿತಕ್ಕೆ ಬಂತು. ಅಬ್ಲೇಶನ್ನೇ ಆಗಬೇಕೆಂದರೆ ನಾಳ ಕಟ್ಟಿಸಿದ್ದನ್ನೂ ಸಿಸೇರಿಯನ್ ಆಗಿದ್ದನ್ನೂ ವೈದ್ಯರು ಕೇಳದಿದ್ದರೂ ಮೊದಲೇ ಹೇಳಬೇಕು; ಹಳೆಯ ಹೊಲಿಗೆಯ ಜಾಗ ತೆಳುವಾಗಿದ್ದರೆ ಚೀಲಕ್ಕೆ ತೂತು ಬೀಳುವ, ಪಕ್ಕದ ಅಂಗಕ್ಕೆ ಬಿಸಿ ತಾಗುವ ಭಯವಿದೆ. ನಾಳ ಕಟ್ಟಿಸದವರು ಮುಟ್ಟು ನಿಂತಿತೆಂದು ನಂಬಿ ಕೂರಬಾರದು. ಆಮೇಲೂ ಬಸಿರಾಗಬಹುದು, ಆದರೆ ಅದು ಅಪಾಯದ ಬಸಿರು. ವರ್ಷಗಳ ಮೇಲೆ ಮತ್ತೆ ರಕ್ತ ಕಂಡರೂ ತೋರಿಸಲೇಬೇಕು. ಡಿಸ್ಚಾರ್ಜ್ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟಿರಿ: ಹೊಟ್ಟೆನೋವೆಂದು ಹೋದಾಗ ಹೊಸ ಡಾಕ್ಟರಿಗೆ ಒಳಗೆ ಏನಾಗಿದೆಯೆಂದು ಹೇಳುವುದು ಅದೊಂದೇ.